ಪುಟ್ಟಿಯ ಮಧ್ಯಾಹ್ನದ ನಿದ್ದೆ ಮತ್ತು ನನ್ನ ಪರಾಕ್ರಮ

ಮಗುವನ್ನು ಮಲಗಿಸುವುದೂ ಒಂದು ವಿದ್ಯೆಯೇ? ಅರಳೆ ಗೋದಾಮಿನಲ್ಲಿ ಬೆಳಗಿನ ಪಾಳಿಯ ನೌಕರ ನಾನು. ಹಾರ್ನ್ ಹೊಡೆದು ಹಾರಾಡುವ ಲಾರಿ ಡ್ರೈವರುಗಳನ್ನೇ ಒಂದು ಮಾತಿಗೆ ತಣ್ಣಗಾಗಿಸುವ ಶೂರ! ನನ್ನ ಮೊಣಕಾಲಿಗೂ ಬಾರದ ಮಗಳು ಪುಟ್ಟಿ ಯಾವ ಲೆಕ್ಕ? "ನೀನು ಧೈರ್ಯವಾಗಿ ಡ್ಯೂಟಿಗೆ ಹೋಗು, ಮಧ್ಯಾಹ್ನ ಅವಳನ್ನ ಮಲಗಿಸೋ ಹೊಣೆ ನಂದು" ಎಂದು ಹೆಂಡತಿಯೆದುರು ಘೋಷಿಸಿಬಿಟ್ಟೆ.

ಅವಳು ಮಕ್ಕಳ ವಾರ್ಡಿನ ನರ್ಸು. ಪುಟ್ಟಿಗಾಗಿ ರಜೆಯ ಮೇಲೆ ರಜೆ ಹಾಕಿ ಮನೆಯಲ್ಲಿದ್ದಳು. ವಾರ್ಡಿನ ಮಾತೆತ್ತಿದರೆ ಸಾಕು, ಕೈಯಲ್ಲಿನ ಸೌಟು ಅಲ್ಲೇ ನಿಂತು ಕಣ್ಣು ಎಲ್ಲೋ ಹೋಗಿಬಿಡುತ್ತಿತ್ತು. ಈಗ ಮಧ್ಯಾಹ್ನದ ಪಾಳಿಗೆ ಬರುತ್ತೀರಾ ಎಂದು ಆಸ್ಪತ್ರೆಯವರು ಕೇಳಿದ್ದರು. ಸಂಜೆಯೊಳಗೆ ಉತ್ತರ ಹೇಳದಿದ್ದರೆ ಆ ಜಾಗ ಬೇರೆಯವರಿಗೆ.

"ಇವತ್ತು ನಿಮಗೆ ಪರೀಕ್ಷೆ ರೀ. ನಾನು ಮಧ್ಯೆ ಬಾಯಿ ಹಾಕಲ್ಲ."

"ಹಾಕೋ ಪ್ರಸಂಗಾನೇ ಬರಲ್ಲ!"

"ಅಂಗೈ ಸ್ವಲ್ಪ ಗುಳಿ ಮಾಡ್ಕೊಂಡು ತಟ್ಟಿ. ಬರ್ತಾ ಬರ್ತಾ ನಿಧಾನ ಮಾಡಿ. ನಿಮ್ಮ ಉಸಿರೂ ನಿಧಾನ ಆಗ್ಬೇಕು. ಅದನ್ನ ಕೇಳ್ತಾ ಕೇಳ್ತಾ ಮಗೂಗೆ ನಿದ್ದೆ ಹತ್ತುತ್ತೆ. ವಾರ್ಡಲ್ಲಿ ನಾವು ಮಾಡೋದೇ ಹೀಗೆ."

"ಇಷ್ಟೇನಾ? ಇದಕ್ಕೆ ಟ್ರೈನಿಂಗ್ ಬೇರೆ!"

"ಮೊದ್ಲು ಮಲಗ್ಸಿ. ಆಮೇಲೆ ಕೊಚ್ಕೊಳ್ಳಿ."

ನೆಲದ ಮೇಲಿನ ಹಾಸಿಗೆಯಲ್ಲಿ ತಂದೆ ಮಗಳು ಪವಡಿಸಿದೆವು. ಪರದೆಯಿಂದ ಸೋಸಿ ಬಂದ ಬಿಸಿಲು ಗೋಡೆಯ ಮೇಲೆ ನೀರಿನಂತೆ ಅಲುಗುತ್ತಿತ್ತು. ತಟ್ಟಿದೆ. ಪುಟ್ಟಿ ಕಣ್ಣನ್ನು ಇನ್ನಷ್ಟು ಅಗಲ ಮಾಡಿದಳು.

"ಅಪ್ಪಾ, ಕಾಕಾ?"

"ಕಾಗೆ ಮಲಗ್ತು, ಕಂದಾ."

"ಬೌಬೌ?"

"ಅದೂ ಮಲಗ್ತು."

"ಫ್ಯಾನು?"

"ಫ್ಯಾನೂ ಮಲಗ್ತು!"

ತಲೆಯ ಮೇಲೆ ಗರಗರ ತಿರುಗುತ್ತಿದ್ದ ಫ್ಯಾನನ್ನೊಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿದಳು. ಅಬ್ಬಾ, ಆ ನೋಟ! ನಮ್ಮ ಗೋದಾಮಿನ ಸೂಪರ್‌ವೈಸರ್ ಕೂಡ ನನ್ನನ್ನು ಹಾಗೆ ನೋಡಿದವನಲ್ಲ.

ಮಾತು ಬಿಟ್ಟು ವಿದ್ಯೆಗೆ ಶರಣಾದೆ. ಅಂಗೈ ಗುಳಿ. ತಟ್ಟು ನಿಧಾನ. ಉಸಿರು ನಿಧಾನ. ಇನ್ನೂ ನಿಧಾನ...

ಗೋದಾಮಿನ ಅರಳೆ ಮೂಟೆಗಳೆಲ್ಲ ಹಗುರಾಗಿ, ಒಂದೊಂದೇ ಕಿಟಕಿಯಿಂದ ಹೊರಗೆ ತೇಲಿ ಮೋಡಗಳಾದವು. ಲಾರಿಗಳು ಸದ್ದಿಲ್ಲದೆ ಅವುಗಳ ನಡುವೆ ಈಜುತ್ತಿದ್ದವು. ಒಂದು ಮೋಡದ ಮೇಲೆ ತೊಟ್ಟಿಲು. ಇಣುಕಿದರೆ, ಮೀಸೆ ಸಮೇತ ನಮ್ಮ ಸೂಪರ್‌ವೈಸರ್, ಬೆರಳು ಚೀಪುತ್ತಾ! "ಲೋಡು ಬಂತೇನೋ?" ಎಂದು ಮುದ್ದಾಗಿ ತೊದಲಿದ. "ಲೋಡೂ ಮಲಗ್ತು ಸಾರ್" ಎಂದೆ. ನಂಬಿ ಕಣ್ಣು ಮುಚ್ಚಿದ. ಆಹಾ, ಗೆದ್ದೆ! ಯಾರೋ ನನ್ನ ಬೆನ್ನು ತಟ್ಟಿ ಶಹಬ್ಬಾಸ್ ಹೇಳುತ್ತಿದ್ದರು. ಮೆತ್ತಗೆ, ಹದವಾಗಿ...

ಕಣ್ಣು ಬಿಟ್ಟೆ. ಬೆನ್ನು ತಟ್ಟುತ್ತಿದ್ದದ್ದು ಪುಟ್ಟಿ! ಪುಟಾಣಿ ಅಂಗೈಯನ್ನು ಗುಳಿ ಮಾಡಿಕೊಂಡು! ನನ್ನ ಹೊಟ್ಟೆಗೆ ಅವಳ ಅಂಗೈಯಗಲದ ಹೊದಿಕೆ, ಕಂಕುಳಿಗೆ ಅವಳ ಜೊಲ್ಲು ಮೆತ್ತಿದ ಪುಟ್ಟ ದಿಂಬು. ಬಾಗಿಲಲ್ಲಿ ಹೆಂಡತಿ, ಬಾಯಿಗೆ ಸೆರಗೊತ್ತಿಕೊಂಡು.

"ಶ್‌ಶ್! ಅಪ್ಪ ತಾಚಿ" ಎಂದು ಪುಟ್ಟಿ ಅವಳನ್ನು ಗದರಿಸಿದಳು.

"ಎಷ್ಟು ಹೊತ್ತಿಂದ ನಿಂತಿದ್ದೀಯೇ?"

"ನೀವು ಗೊರಕೆ ಶುರು ಮಾಡಿದಾಗಿಂದ." ಅವಳ ಕಣ್ಣು ಒದ್ದೆಯಾಗಿತ್ತು, ನಗುವಿಗೋ ಇನ್ನಾವುದಕ್ಕೋ ತಿಳಿಯಲಿಲ್ಲ. "ಬೊಂಬೆ ಮಲಗ್ಸಿ ಆಡೋ ವಯಸ್ಸು ರೀ ಇದು. ಇವಳು ಬೊಂಬೆ ಕಂಡ್ರೆ ಎಸೀತಾಳಲ್ಲ ಅಂತ ಒಳಗೊಳಗೇ ಅಳುಕಿತ್ತು. ಈಗ ಗೊತ್ತಾಯ್ತು, ನಾವು ತಂದಿದ್ದು ತೀರಾ ಸಣ್ಣ ಬೊಂಬೆ."

ನನ್ನನ್ನು ಮಲಗಿಸಿದ ದಣಿವಿಗೋ ಏನೋ, ಪುಟ್ಟಿ ತಟ್ಟುತ್ತಲೇ ತೂಕಡಿಸಿ ತೂಕಡಿಸಿ, ನನ್ನ ಎದೆಯ ಮೇಲೆ ಬೋರಲಾಗಿ ನಿದ್ದೆ ಹೋದಳು.

"ನೋಡ್ದ್ಯಾ! ಮಲಗ್ಸಿದೆ ತಾನೇ?" ಎಂದು ಪಿಸುಗುಟ್ಟಿದೆ.

ಹೆಂಡತಿ ಆಗಲೇ ಫೋನಿನಲ್ಲಿದ್ದಳು. ನನ್ನ ಗೊರಕೆಯ ವಿಷಯ ಹೇಳದಂತೆ ಎದ್ದು ತಡೆಯೋಣವೆಂದರೆ ಎದೆಯ ಮೇಲೆ ಮಗು!

"ಸೋಮವಾರದಿಂದ ಬರ್ತೀನಿ ಸಿಸ್ಟರ್. ಹೂಂ, ಎಲ್ಲಾ ಸರಿಹೋಯ್ತು. ದೊಡ್ಡ ಮಗೂದೇ ಚಿಂತೆಯಿತ್ತು. ಚಿಕ್ಕದು ಅದನ್ನ ಮಲಗ್ಸೋದು ಕಲ್ತ್ಕೊಂಡಿದೆ!"