ನಮ್ಮನಿಯವರು ಹೊಗಳಿಕಿಗೆ ಉಬ್ಬಿದ್ದು

ಪಾಸ್ಟರನ ಕೈ ಹಿಡಿದಾಕಿ ನಗಾಕ ಬ್ಯಾರೆ ಎಲ್ಲಿಗೂ ಹೋಗೋದು ಬ್ಯಾಡ್ರಿ. ರವಿವಾರ ಬಂತಂದ್ರ ಒಂದಿಲ್ಲೊಂದು ಪ್ರಸಂಗ ತಾನ ಮನಿ ಹುಡುಕ್ಕೊಂಡು ಬರತೈತಿ. ನಮ್ಮ ಸಭೇದಾಗ ಬೋಧನಾಕ್ಕೂ ಪ್ರಸಂಗ ಅಂತಾರ. ಚರ್ಚಿನ್ಯಾಗ ನಮ್ಮನಿಯವರು ಮಾಡೋದು ಒಂದು ಪ್ರಸಂಗ, ಹೊರಗ ಬಂದ ಮ್ಯಾಲ ಅವರಿಂದ ಆಗೋದು ಇನ್ನೊಂದು.

ಮನಷ್ಯಾ ಛಲೋ. ಕುಡಿಯಂಗಿಲ್ಲ, ಸೇದಂಗಿಲ್ಲ, ಯಾರಿಗೂ ಎದುರಾಡಂಗಿಲ್ಲ. ಆದ್ರ ಯಾರರ ಒಂದೀಟು ಬೆಣ್ಣಿ ಹಚ್ಚಿದ್ರ ಸಾಕು, ಕಾದ ಎಣ್ಣಿಯಾಗ ಬಿದ್ದ ಪೂರಿ ಹಂಗ ಉಬ್ಬತಾರ. ಮೊದಲ ಬೆಳಗಾದ್ರ ಒಬ್ಬರ ಕುಂತು ದೇವರ ಕೂಡ ಮಾತಾಡತಿದ್ರು. ಈಗೀಗ ಕನ್ನಡಿ ಮುಂದ ನಿಂತು ಕೈ ಎತ್ತಿ ಇಳಿಸಿ ಪ್ರಾರ್ಥನಾ ಪ್ರಾಕ್ಟೀಸ್ ಮಾಡಾಕತ್ತಿದ್ರು. ನನಗ ನಗುನೂ ಬರತಿತ್ತು, ಹೆದರಿಕಿನೂ ಆಗತಿತ್ತು. ದೇವರಿಗೆ ಮುಟ್ಟಬೇಕಾದ ಮಹಿಮಾ ಈ ಮನಷ್ಯಾ ನಡುವ ನಿಂತು ತನ್ನ ಕಿಸೇದಾಗ ಹಾಕ್ಕೊಳ್ಳಾಕತ್ತಾನಲ್ಲ, ಒಂದಿನ ಈತನ ಆತ್ಮದ ಗತಿ ಏನ ಅಂತ.

ಮಫ್ಲರ್ ಸುತ್ತಿದ ರವಿವಾರ

ನಮ್ಮ ಸಭೇದಾಗ ಒಬ್ಬ ಹಿರ್ಯಾರು ಅದಾರ. ಆರಾಧನಾ ಮುಗಿದ ಕೂಡ್ಲೆ ಬಾಗಿಲದಾಗ ಇವರ ಕೈ ಹಿಡಿದು, "ಅಯ್ಯಾರ, ಇವತ್ತಿನ ಪ್ರಸಂಗ ಎದಿಗೆ ನಾಟಿತ್ರಿ" ಅಂತಾರ. ಪ್ರತಿ ರವಿವಾರ ನಾಟತೈತಿ. ಇಷ್ಟು ನಾಟಿಸ್ಕೊಂಡೂ ಆ ಎದಿ ಹೆಂಗ ಉಳದೈತೋ, ನನಗಂತೂ ಗೊತ್ತಿಲ್ಲ.

ಒಮ್ಮೆ ಇವರಿಗೆ ಥಂಡಿ ಜ್ವರ ಬಂದು ದನಿ ಪೂರ್ತಿ ಕೂತು ಹೋತು. ಬಾಗಲಕೋಟಿಯಿಂದ ಬ್ಯಾರೆ ಪಾಸ್ಟರ್ ಬಂದು ಪ್ರಸಂಗ ಮಾಡಿದ್ರು. ಇವರು ಮಫ್ಲರ್ ಸುತ್ಕೊಂಡು ಕುರ್ಚಿ ಮ್ಯಾಲ ತೂಕಡಿಸಿದ್ರು, ಅಷ್ಟ. ಮುಗಿದ ಮ್ಯಾಲ ಹಿರ್ಯಾರು ಸೀದಾ ಬಂದು ಇವರ ಕೈ ಹಿಡಿದು, "ಅಯ್ಯಾರ, ಇವತ್ತಿನಂಥಾ ಪ್ರಸಂಗ ನೀವು ಹಿಂದ ಎಂದೂ ಮಾಡಿದ್ದಿಲ್ಲ ಬಿಡ್ರಿ!" ಅಂದ್ರು.

ನಾ ಅಲ್ಲರಿ ಮಾಡಿದ್ದು ಅಂತ ಹೇಳಬೇಕೋ ಬ್ಯಾಡೋ? ನಮ್ಮನಿಯವರು ಎದಿ ಮ್ಯಾಲ ಕೈ ಇಟ್ಕೊಂಡು, ಗೊಗ್ಗರ ದನೀಲೆ, "ಎಲ್ಲಾ ದೇವರ ಕೃಪಾ ರಿ" ಅಂದುಬಿಟ್ರು.

"ಏನ್ರಿ ಇದು? ನೀವು ಬಾಯಿ ತೆರದದ್ದ ಆಕಳಿಸಾಕ!" ಅಂತ ನಾ ದಾರಿಯಾಗ ಬೈದೆ.

"ಅದು ಅವರಿಗೆ ಹಿಡಿಸಿರಬೇಕು ಬಿಡು" ಅಂದ್ರು.

ಬಿಜ್ಜರಗಿಯ ಆಡು

ಬಿಜ್ಜರಗಿಯಾಗ ನಮ್ಮ ಸಭೆಯವರೊಬ್ಬರ ಮನಿಗೆ ಹೋಗಿದ್ವಿ. ಬಾಜೂ ಮನಿಯಾಂವ ಬಂದು, "ಸಾಹೇಬ್ರ, ನಮ್ಮ ಆಡು ಮೇವು ಮುಟ್ಟವಲ್ದು. ನಿಮ್ಮ ದೇವರಿಗೆ ಒಂದ ಮಾತು ಹೇಳ್ರಿ" ಅಂದ.

ಇವರು ಹೋದ್ರು. ಕೈಯಾಗಿನ ಹಾಳಿ ಕಟ್ಟಿ ಮ್ಯಾಲಿಟ್ಟು, ಕಣ್ಣ ಮುಚ್ಚಿ, ಕೈ ಚಾಚಿ ಪ್ರಾರ್ಥನಾ ಸುರು ಮಾಡಿದ್ರು. ಎಷ್ಟು ಉದ್ದ ಅಂದ್ರ, ಕಣ್ಣ ತೆರೆಯೋದರಾಗ ಆಡು ಎದ್ದು ನಿಂತು, ಮುಂದಿನ ರವಿವಾರದ ಪ್ರಸಂಗ ಬರದಿದ್ದ ಹಾಳಿ ಕರಮ್ ಕುರುಮ್ ತಿನ್ನಾಕತ್ತಿತ್ತು.

"ಯಪ್ಪಾ, ಏನ್ ಕೈಗುಣರಿ ಸಾಹೇಬ್ರ ನಿಮ್ಮದು! ಏನ್ ಅಕ್ಷರರಿ!" ಅಂತ ಇಡೀ ಓಣಿ ಕೂಡಿತು. ಪ್ರಸಂಗ ಹೋತಂತ ಇವರಿಗೆ ಒಂಚೂರೂ ದುಃಖ ಇಲ್ಲ. ನಾ ಬಾಜೂಕ ನಿಂತು, "ದೇವರು ಎಬ್ಬಿಸ್ಯಾನ ಅಂತ ಒಂದ ಮಾತು ಹೇಳ್ರಿ" ಅಂತ ಪಿಸುಗುಟ್ಟಿದೆ.

"ಹೇಳ್ತೀನಿ ತಡಿ, ಅವರು ಇನ್ನೂ ಮಾತಾಡಾಕತ್ತಾರಲ್ಲ" ಅಂದ್ರು.

ಅಷ್ಟರಾಗ ಒಬ್ಬ ಮುದುಕಿ ಸೆರಗ ಸರಿ ಮಾಡ್ಕೊಂತ ಮುಂದ ಬಂದಳು. "ಸಾಹೇಬ್ರ, ಇನ್ನೊಂದು ಪ್ರಸಂಗ ಇದ್ರ ಕೊಡ್ರಿ. ಒಂದೀಟು ಉದ್ದಂದು ಬೇಕು. ನಮ್ಮದು ಎಮ್ಮಿ."

ಹುಳದ ಗುಳಿಗಿ

ಬಬಲೇಶ್ವರದಾಗ ಒಬ್ಬರ ಮನಿಯಾಗ ಪ್ರಾರ್ಥನಾ ಕೂಟ ಇತ್ತು. "ಇವತ್ತ ಹೊಗಳಿಕಿ ಆತ್ಮಕ್ಕ ಎಷ್ಟು ಕೆಟ್ಟದ್ದು ಅನ್ನೋದರ ಮ್ಯಾಲ ಮಾತಾಡ್ರಿ" ಅಂತ ನಾನ ಗಂಟು ಬಿದ್ದೆ. ಮಾತಾಡಿದ್ರು ನೋಡ್ರಿ, ಜೋರ! ಬೈಬಲ್ಲಿನ್ಯಾಗ ಒಬ್ಬ ರಾಜಾ ಭಾಷಣ ಮಾಡಿದ್ನಂತ. ಜನ, 'ಇದು ಮನಷ್ಯಾನ ದನಿ ಅಲ್ಲ, ದೇವರ ದನಿ' ಅಂತ ಕೂಗಿದ್ರಂತ. ಅಂವ ಅದನ್ನ ಬ್ಯಾಡ ಅನ್ನದ ಸುಮ್ಮ ಕೇಳ್ಕೊಂತ ಕುಂತ. ಹೊಟ್ಟಿಯಾಗ ಹುಳ ಬಿದ್ದು ಸತ್ತ. ಹೆಣ್ಮಕ್ಕಳು ಕಣ್ಣೊರಸ್ಕೊಂಡ್ರು. ಈ ಸಲ ಇವರಿಗೂ ತಿಳೀತು ಅಂತ ನನಗ ಸಮಾಧಾನ ಆತು.

ಮುಗಿದ ಮ್ಯಾಲ ಮನಿ ಯಜಮಾನ್ರು ಎದ್ದು ನಿಂತು ಕೈ ಮುಗಿದ್ರು. "ಅಯ್ಯಾರ, ನಾವು ಇವತ್ತ ಕೇಳಿದ್ದು ಮನಷ್ಯಾನ ದನಿ ಅಲ್ಲರಿ, ದೇವರ ದನಿ!"

ಇವರು ಅಭ್ಯಾಸಬಲದಿಂದ ಹಲ್ಲು ಕಿಸದ್ರು. ಆಮ್ಯಾಲ ಸಟಕ್ಕನ ಬಾಯಿ ಮುಚ್ಚಿದ್ರು. ನಮ್ಮೂರು ವಿಜಯಪುರ ಮುಟ್ಟೋತನಕ ಒಂದ ಕೈಲೆ ಸ್ಕೂಟರ್, ಇನ್ನೊಂದ ಕೈಲೆ ಹೊಟ್ಟಿ ತುರಸ್ಕೊಂತ ಬಂದ್ರು. ನಾ ಹಿಂದಿನ ಸೀಟಿನಿಂದ, "ಔಷಧ ಅಂಗಡಿ ಮುಂದ ನಿಲ್ಲಸ್ರಿ, ಹುಳದ ಗುಳಿಗಿ ತಗೊಳ್ಳೂಣು" ಅಂದೆ.

ಅಥಣಿ ರಸ್ತೆಯ ಬ್ಯಾನರ್

ಆ ತುರಿಕಿ ಕ್ರಿಸ್ಮಸ್ ತನಕ ಉಳೀಲಿಲ್ಲ. ಸಭೆಯ ಹುಡುಗ್ರು ಅಥಣಿ ರಸ್ತೆಯಾಗ ಒಂದು ಬ್ಯಾನರ್ ಕಟ್ಟಿದ್ರು. "ಹುಡುಗ್ರ ಪ್ರೀತಿ, ಬ್ಯಾಡ ಅನ್ನಾಕ ಹೆಂಗಾಗತೈತಿ?" ಅಂತ ನಮ್ಮನಿಯವರು ನನ್ನನ್ನೂ ಸ್ಕೂಟರ್ ಮ್ಯಾಲ ಕೂಡಿಸ್ಕೊಂಡು ನೋಡಾಕ ಹೊಂಟ್ರು.

ಅಯ್ಯ ದೇವರ! ನಡುವ ಇವರ ಮೋತಿ, ಮನಿ ಬಾಗಿಲದಷ್ಟು. ಗಲ್ಲಕ್ಕ ಗುಲಾಬಿ ಬಣ್ಣ. ಕೆಳಗ 'ವಾಕ್ಯಸಿಂಹ, ಯುವಕರ ಕಣ್ಮಣಿ' ಇವರಿಂದ ಸಮಸ್ತ ಜನತೆಗೆ ಕ್ರಿಸ್ಮಸ್ ಶುಭಾಶಯಗಳು. ಅದರ ಕೆಳಗ ಕಿವಿಗೆ ಮೊಬೈಲ್ ಹಿಡಿದ ಹುಡುಗ್ರ ಸಾಲು. ಯೇಸುಸ್ವಾಮಿ ಎಲ್ಲಿ ಅಂತ ಹುಡುಕಿದೆ. ಮ್ಯಾಲ ಎಡಗಡೆ ಮೂಲ್ಯಾಗ, ಒಂದು ಸಣ್ಣ ವೃತ್ತದಾಗ ಇದ್ದ.

ಬಾಜೂಕ ತಿಕೋಟಾ ಬಸ್ಸಿಗೆ ಕಾಯಾಕತ್ತಿದ್ದ ರುಮಾಲಿನ ಮುದುಕಪ್ಪ ಬ್ಯಾನರ್ ನೋಡಿ, ಇವರನ್ನ ನೋಡಿ, "ನಮಸ್ಕಾರ್ರಿ ಸರ. ಯಾವ ವಾರ್ಡಿಗೆ ನಿಂತೀರಿ?" ಅಂದ.

"ನಾ ಎಲೆಕ್ಷನ್ನಿಗೆ ನಿಂತಿಲ್ಲಜ್ಜಾ. ಇದು ಕ್ರಿಸ್ಮಸ್ ಹಬ್ಬದ್ದು" ಅಂದ್ರು ಇವರು ನಕ್ಕೊಂತ.

"ಹೌದೇನ್ರಿ. ಮತ್ತ ಆ ಮೂಲ್ಯಾಗ ಸಣ್ಣ ಫೋಟೊದಾಗ ಗಡ್ಡದವರು ಅದಾರಲ್ಲ, ಅವರ್ಯಾರು?"

ಇವರ ನಗು ಅಲ್ಲೇ ನಿಂತು ಹೋತು. ಮುದುಕಪ್ಪಗ ಕನಿಕರ ಬಂತು. "ತಿಳೀತು ಬಿಡ್ರಿ. ನಿಮ್ಮ ಹೈಕಮಾಂಡ್."

ನಮ್ಮನಿಯವರ ಮೋತಿ ಬೆಳ್ಳಗಾತು. ಅಲ್ಲೇ ಇದ್ದ ಪಂಚರ್ ಅಂಗಡಿ ಚಾಚಾನ ನಿಚ್ಚಣಿಕಿ ಇಸ್ಕೊಂಡ್ರು, ಸರಸರ ಏರಿದ್ರು, ಹಗ್ಗ ಹರದ್ರು. ಬ್ಯಾನರ್ ಧೊಪ್ಪನ ನೆಲಕ್ಕ ಬಿತ್ತು. ಚಾದಂಗಡಿ ಮುಂದ ನಿಂತಿದ್ದ ನಮ್ಮ ಸಭೆಯ ಹುಡುಗ್ರು ಗಾಬರಿಯಾಗಿ ಓಡಿ ಬಂದ್ರು. "ಅಯ್ಯಾರ, ಸಣ್ಣದಾತೇನ್ರಿ? ನಾಳೆನ ಇನ್ನೂ ದೊಡ್ಡದು ಹಾಕಸ್ತೀವಿ!"

ಇವರು ಕೆಳಗ ಇಳಿದು ಬ್ಯಾನರ್ ಸುತ್ತಾಕ ಬಗ್ಗಿದ್ರು. ತಮ್ಮ ಗುಲಾಬಿ ಗಲ್ಲದ ಮ್ಯಾಲ ಮೊಣಕಾಲೂರಿದಾಗ ಆ ಸಣ್ಣ ವೃತ್ತ ಸರಿಯಾಗಿ ಕಣ್ಣ ಮುಂದ ಬಂತು. ಕೈ ನಿಂತ್ವು. "ಸ್ವಾಮಿ, ತಪ್ಪಾತು. ನಿನ್ನ ಜಾಗಾದಾಗ ನಾ ಕುಂತುಬಿಟ್ಟೆ" ಅಂತ ಆ ಟ್ರ್ಯಾಫಿಕ್ಕಿನ ನಡುವ ಕೈ ಜೋಡಿಸಿ ಬಿಕ್ಕಿ ಬಿಕ್ಕಿ ಅತ್ರು. ನನ್ನ ಕಣ್ಣಾಗೂ ನೀರು ಬಂತು. ಕನ್ನಡಿ ಇಲ್ಲದ ಪ್ರಾರ್ಥನಾ ಕೇಳಿ ಎಷ್ಟು ದಿನ ಆಗಿತ್ತೋ.

ಮುದುಕಪ್ಪ ಮೆಲ್ಲಕ ನನ್ನ ಹತ್ರ ಸರದು, "ತಂಗೀ, ಟಿಕೆಟ್ ತಪ್ಪಿತೇನ?" ಅಂತ ಕೇಳಿದ.

"ತಪ್ಪೋದರಾಗ ಇತ್ತರಿ ಅಜ್ಜಾ" ಅಂದೆ.

"ಚಿಂತಿ ಬಿಡು. ಹೈಕಮಾಂಡ್ ಮುಂದ ಹಿಂಗ ಅಡ್ಡ ಬಿದ್ದಾಂವನ್ನ ಅವರು ಕೈ ಬಿಡಂಗಿಲ್ಲ" ಅಂದ.