ಸಾಹೇಬರ ಗೋಡೆಯ ಕಲೆ

ಮಳೆ ಅಳೆಯುವ ಆ ಕಚೇರಿಯಲ್ಲಿ ಟಪಾಲು ಗುಮಾಸ್ತನ ಕುರ್ಚಿ ಶೌಚಾಲಯದ ಬಾಗಿಲಿಗೇ ಅಂಟಿಕೊಂಡಿತ್ತು. ‘ಮೈಯೆಲ್ಲ ಫಿನಾಯಿಲ್ ನಾತ, ಆಚೆ ಮಲಗಿ’ ಎಂದು ಹೆಂಡತಿ ಹಾಸಿಗೆ ಹೊರಗೆಸೆದ ಮೇಲೆ ಅವನಿಗೆ ರೋಷ ಬಂತು. ಜಾಗ ಕಿಟಕಿ ಪಕ್ಕಕ್ಕೆ ಬದಲಾಯಿಸಿಕೊಡಿ ಎಂದು ಕೇಳಿಯೇಬಿಡೋಣವೆಂದು ಬೆಳಿಗ್ಗೆ ಸಾಹೇಬರ ಕೋಣೆಗೆ ನುಗ್ಗಿದ. ಬಾಯಿ ತೆರೆಯುವ ಮೊದಲೇ ಕಣ್ಣು ಎದುರಿನ ಗೋಡೆಗೆ ಹೋಯಿತು.

“ಅಯ್ಯೋ ಸಾರ್, ಗೋಡೆ ಮೇಲೆ ಎಂಥಾ ಕಲೆ!”

ಸಾಹೇಬರ ಮುಖ ಅರಳಿತು. “ನಿಮಗೂ ಹಾಗನ್ನಿಸ್ತಾ?”

“ಅನ್ನಿಸದೆ ಏನು ಸಾರ್? ಮೇಲಿಂದ ನೀರು ಜಿನುಗಿದೆ. ಕೆರೆದು ಸುಣ್ಣ ಹೊಡೆಸಿದ್ರೆ ಹೋಗುತ್ತೆ.”

ಅರಳಿದ ಮುಖ ಬಿಸಿಲಿಗಿಟ್ಟ ಒದ್ದೆ ಚಪ್ಪಲಿಯಂತೆ ಸೊಟ್ಟಗಾಯಿತು. ಆ ‘ಕಲೆ’ಗೆ ಚೌಕಟ್ಟೂ ಗಾಜೂ ಇರುವುದು ಗುಮಾಸ್ತನಿಗೆ ಕಂಡದ್ದು ಆಗ.

“ಅದು ಜಲವರ್ಣ. ನವ್ಯ ಶೈಲಿಯ ಭೂದೃಶ್ಯ. ಬರೆದವನು ನಾನೇ.”

ಬೆವರುತ್ತಾ ಆಚೆ ಬಂದವನನ್ನು ಹೆಡ್ ಕ್ಲರ್ಕು, ಟೈಪಿಸ್ಟಮ್ಮ ಮುತ್ತಿಕೊಂಡರು.

“ಮುಗೀತು ನಿನ್ನ ಕತೆ! ಓಡಿಹೋಗಿ ಹೊಗಳಿ ಬಾ. ಆ ಹಸು ಎಷ್ಟು ಜೀವಂತವಾಗಿದೆ ಅನ್ನು,” ಎಂದ ಹೆಡ್ ಕ್ಲರ್ಕು.

“ಅದರಲ್ಲಿ ಹಸು ಇದೆಯಾ?”

“ಕಂದು ಬಣ್ಣ ಇದೆಯಲ್ಲಪ್ಪಾ, ಇನ್ನೇನಿರುತ್ತೆ?”

ಹೋದ. ಹಸುವನ್ನು ಹೊಗಳಿದ.

“ಅದು ದೋಣಿ,” ಎಂದರು ಸಾಹೇಬರು ಹಲ್ಲು ಕಚ್ಚಿ.

ಮಧ್ಯಾಹ್ನ ಅವನು ಬುತ್ತಿಯನ್ನೇ ಬಿಚ್ಚಲಿಲ್ಲ. ಟೈಪಿಸ್ಟಮ್ಮನಿಗೆ ಕನಿಕರವಾಯಿತು. “ಅಣ್ಣಾ, ಚಿತ್ರದಲ್ಲಿ ಏನಿದೆ ಅಂತ ಹೇಳೋಕೇ ಹೋಗ್ಬೇಡಿ. ನೋಡಿದ್ರೆ ಮನಸ್ಸಿಗೆ ಏನಾಗುತ್ತೆ ಅಂತ ಹೇಳಿ.”

“ಭಯ ಆಗುತ್ತಮ್ಮಾ.”

“ಅದು ಬೇಡ. ನೆಮ್ಮದಿ ಆಗುತ್ತೆ ಅನ್ನಿ.”

ಸಂಜೆ ಮತ್ತೆ ಹೋಗಿ ಚಿತ್ರದ ಮುಂದೆ ಕೈಕಟ್ಟಿ ನಿಂತ. ಬೂದು ಬಣ್ಣ ಕಾಗದದ ತುಂಬ ಹರಿದಾಡಿ, ಮಧ್ಯೆ ಎಲ್ಲೋ ಬಿಳಿ ಜಾಗ ಬಿಟ್ಟು ಸುಮ್ಮನಾಗಿತ್ತು.

“ಸಾರ್, ಈ ನೀರು, ಈ ಮಂಜು... ನರಪಿಳ್ಳೆ ಇಲ್ಲ. ಗದ್ದಲ ಇಲ್ಲ. ನಾತ ಇಲ್ಲ...” ಇಲ್ಲಿ ಅವನ ಕಣ್ಣು ನಿಜವಾಗಿಯೇ ತುಂಬಿತು. “ಜೀವಮಾನವಿಡೀ ಇಲ್ಲೇ ಇದ್ದುಬಿಡೋಣ ಅನ್ಸುತ್ತೆ ಸಾರ್.”

ಸಾಹೇಬರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

“ಇದು ಗುಡ್ಡದಾಚೆ ಇರೋ ನಮ್ಮದೇ ಮಳೆಮಾಪನ ಠಾಣೆ ರೀ! ಅಲ್ಲಿದ್ದಾಗಲೇ ಬರೆದದ್ದು. ಅಲ್ಲಿಗೆ ವರ್ಗ ಅಂದ್ರೆ ಒಬ್ಬೊಬ್ಬರೂ ಬಂದು ಬೇಡ ಅಂತ ಕಾಲು ಹಿಡೀತಾರೆ. ತಾವಾಗಿ ಬಾಯಿಬಿಟ್ಟು ಕೇಳಿದವರು ನೀವೊಬ್ಬರೇ. ಆರ್ಡರ್ ಈಗಲೇ ಟೈಪ್ ಮಾಡಿಸ್ತೀನಿ!”

“ಸಾರ್, ನಾನು ಕೇಳಬೇಕು ಅಂತಿದ್ದದ್ದು ಕಿಟಕಿ ಪಕ್ಕದ...”

“ಅಲ್ಲಿ ಅಷ್ಟೂ ಕಿಟಕಿ ನಿಮ್ಮದೇ! ಇನ್ಯಾರಿದ್ದಾರೆ ಅಲ್ಲಿ?”

ಗುಮಾಸ್ತ ಗೋಡೆ ಹಿಡಿದುಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ, ಆ ಚಿತ್ರವನ್ನು ಮೊದಲ ಸಲ ನಿಜವಾಗಿ ನೋಡಿದ. ಒಂದು ಮನೆ, ಒಂದು ಅಂಗಡಿ, ಹೋಗಲಿ, ಬಸ್ಸು ಬರುವ ಒಂದು ದಾರಿಯಾದರೂ ಇದೆಯೇ ಎಂದು ಮೂಲೆಮೂಲೆ ಹುಡುಕಿದ. ಬೂದು, ನೀಲಿ, ಮತ್ತೆ ಬೂದು.

ಆರ್ಡರ್ ಟೈಪ್ ಮಾಡಲು ಬಂದ ಟೈಪಿಸ್ಟಮ್ಮನಿಗೆ ಸಾಹೇಬರು ಬಾಗಿಲಲ್ಲೇ ಕೈಸನ್ನೆ ಮಾಡಿ, ದನಿ ತಗ್ಗಿಸಿದರು:

“ಶ್! ಪಾಪ, ಕಣ್ಣು ಕೀಳೋಕೇ ಆಗ್ತಿಲ್ಲ ಅವರಿಗೆ.”