ತಲೆಬುರುಡೆಯ ತೂತುಗಳೂ ಬೆಟಗೇರಿಯ ಮಾವನೂ

ಮೂಗಿನ ಮೇಲೊಂದು ಮೊಡವೆ ಎದ್ದರೆ ಕನ್ನಡಿ ಬಿಟ್ಟು ಏಳದ ನಾವು, ಅದರ ಹಿಂದಿನ ಎಲುಬು ಹೇಗಿದೆಯೆಂದು ಒಮ್ಮೆಯೂ ವಿಚಾರಿಸುವುದಿಲ್ಲ. ವಿಚಾರಿಸದಿರುವುದೇ ಕ್ಷೇಮ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಂಡರಗಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ನೆಗಡಿ ಹಿಡಿದು ಬಿಡದೆ, ಬಗ್ಗಿದರೆ ಸಾಕು ಹಣೆ ಸಿಡಿಯುತ್ತಿತ್ತು. ಗದಗಿನ ಡಾಕ್ಟರು ಎಕ್ಸ್‌ರೇ ತೆಗೆಸಿ, "ಹಣಿ, ಗಲ್ಲದ ಎಲುಬಿನ್ಯಾಗ ಎಲ್ಲಾರಿಗೂ ಗಾಳಿ ತುಂಬಿದ ಪೊಳ್ಳು ಇರತಾವ್ರಿ. ನಿಮ್ಮವು ಸ್ವಲ್ಪ ಕಟ್ಟ್ಯಾವ, ಅಷ್ಟ" ಎಂದು ಗುಳಿಗೆ ಕೊಟ್ಟರು.

ನೆಟ್ಟಗೆ ಬಸ್ಸು ಹತ್ತಿದ್ದರೆ ಆಗುತ್ತಿತ್ತು. ಆದರೆ ನನಗೆ ಗೊತ್ತು ಮಾಡಿದ್ದ ಹುಡುಗಿಯ ಮನೆ ಅಲ್ಲೇ ಬೆಟಗೇರಿಯಲ್ಲಿ. ಕಾಲು ತಾನಾಗಿ ಅತ್ತ ನಡೆಯಿತು. ಭಾವಿ ಮಾವ ಸೀರೆ ನೇಯುವವರು. ನನ್ನ ಕೈಯಲ್ಲಿದ್ದ ಲಕೋಟೆಯಿಂದ ಎಕ್ಸ್‌ರೇ ಎಳೆದು, ಮಗ್ಗದಿಂದ ಇಳಿಸಿದ ಸೀರೆ ಪರೀಕ್ಷಿಸುವಂತೆ ಬಾಗಿಲ ಬೆಳಕಿಗೆ ಹಿಡಿದರು. ಮುಖ ಕಪ್ಪಿಟ್ಟಿತು.

"ಮಾಸ್ತರ, ಇದರಾಗ ತೂತು ಭಾಳ ಅದಾವಲ್ರಿ!"

"ಅವು ಇರಬೇಕ್ರಿ ಮಾವಾರ. ಹಕ್ಕಿ ಎಲುಬಿನ್ಯಾಗೂ ಇರತಾವ, ಹಗುರ ಆಗಿ ಹಾರಾಕ."

"ನಾವು ಹುಡುಗಿ ಕೊಡಾಕ ಹತ್ತಿದ್ದು ಮಾಸ್ತರಗ, ಹಕ್ಕಿಗಲ್ಲ."

ಒಳಗಿನಿಂದ ಹುಡುಗಿ ಕಿಸಕ್ಕನೆ ನಕ್ಕಳು. ಅವಳು ಕೈತಪ್ಪಿದರೆ ನಾನು ಬದುಕುವುದಿಲ್ಲವೆಂದೇ ನಂಬಿದ್ದ ವಯಸ್ಸು ಅದು. ಆನೆಯ ಬುರುಡೆಯೂ ಪೊಳ್ಳು ಎಂದೆ. ನಿಮ್ಮದರಲ್ಲೂ ಇವೆ ಎಂದೆ. ಈ ಕೊನೆಯದನ್ನು ಹೇಳಬಾರದಿತ್ತು.

"ನಮ್ಮ ಮನಿ ಮಾಲಿನ್ಯಾಗ ತೂತ?" ಎಂದು ಸಿಟ್ಟಿಗೆದ್ದವರು, ನನ್ನನ್ನೂ ಟಾಂಗಾದಲ್ಲಿ ಕೂಡಿಸಿಕೊಂಡು ಹೋಗಿ ತಮ್ಮ ತಲೆಯದೂ ಎಕ್ಸ್‌ರೇ ತೆಗೆಸಿದರು. ಎರಡನ್ನೂ ಬಾಗಿಲಲ್ಲಿ ಜೋಡಿಸಿ ಹಿಡಿದರೆ, ಅವರ ಪೊಳ್ಳುಗಳು ನನ್ನವಕ್ಕಿಂತ ದೊಡ್ಡವು! ಮಾವ ತಮ್ಮದನ್ನು ತಿರುವಿ ಹಾಕಿ ಇನ್ನೊಮ್ಮೆ ಬೆಳಕಿಗೆ ಹಿಡಿದರು. ಅತ್ತೆ, "ಇಷ್ಟ ನೋಡಾಕ ಮಷೀನ್ ಬೇಕಾಗಿತ್ತ?" ಎಂದು ಚಹಾ ತಂದಿಟ್ಟರು.

"ಆತ್ರಿ, ಮದುವಿ ಮಾಡೂಣು" ಎಂದರು ಮಾವ ಕೊನೆಗೆ. "ಆದ್ರ ತೂತು ಬಿದ್ದ ಸೀರಿ ನಾವು ಪ್ಯಾಟಿಗೆ ಕಳಸೂದಿಲ್ಲ. ಮನ್ಯಾಗ ಇಟಗೊಂಡು ದಿನಬಳಕಿಗೆ ಹಚ್ಚತೀವಿ."

ನಾನು ಬೆಟಗೇರಿಯ ಮನೆ ಅಳಿಯನಾದದ್ದು ಹೀಗೆ. ಬೆಳಿಗ್ಗೆ ನೀರು ಹೊತ್ತು ಮುಂಡರಗಿ ಬಸ್ಸು ಹಿಡಿಯುವುದು, ಸಂಜೆ ಬಂದು ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು. ಹತ್ತು ವರ್ಷ ಕಳೆದ ಮೇಲೆ ಒಂದು ಸಂಜೆ ಹಾಗೆ ಸುತ್ತುತ್ತ ಕೂತಿದ್ದಾಗ ಮಾವ ಮಗಳನ್ನು ಕೇಳಿದರು, "ಹೆಂಗವ್ವಾ, ಮಾಲು?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಣ್ಣ ಹೋಗೇತಿ ಖರೆ, ಬಾಳಿಕಿ ಚೊಲೋ ಬಂದೈತಪ್ಪ" ಎಂದಳು.

ಬಣ್ಣದ ಮಾತು ಎತ್ತಬೇಕಾದ ಅಗತ್ಯವೇನೂ ಇರಲಿಲ್ಲ.